ಭಯದ ಆಟದ ನೇಪಥ್ಯ

ನವರಸಗಳಲ್ಲಿ ಭಯಾನಕವೂ ಒಂದು. ಭಯವೇ ಅದರ ಸ್ಥಾಯಿಭಾವವೆಂದು ಭರತಮುನಿಯ ನಾಟ್ಯಶಾಸ್ತ್ರ ಹೇಳುತ್ತದೆ. ಅಡವಿಯಲ್ಲಿ ಹುಲಿ ಎದುರಾದರೆ ಯಾರಿಗೂ ರಸಾನುಭವವಾಗದು. ಕಾಲಿಗೆ ಬುದ್ಧಿ ಹೇಳುವುದೊಂದೇ ದಾರಿ. ಅದೇ ಹುಲಿ ರಂಗಸ್ಥಳಕ್ಕೆ ಬಂದರೆ ಮೈ ಜುಮ್ಮೆನ್ನುತ್ತದೆ, ಆದರೂ ಎದ್ದು ಹೋಗಲು ಮನಸ್ಸಾಗುವುದಿಲ್ಲ. ಪ್ರಾಣಕ್ಕೆ ಅಪಾಯವಿಲ್ಲವೆಂಬ ನಂಬಿಕೆ ಒಳಗೆ ಇರುವುದರಿಂದಲೇ ಅಂಜಿಕೆ ಆನಂದಕ್ಕೆ ತಿರುಗುತ್ತದೆ. ಈ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡ ಒಂದು ಆಟದ ವಿಷಯವನ್ನು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಅದು ರೋಲರ್ ಕೋಸ್ಟರ್. ಅದರಲ್ಲಿಯೂ ಕಟ್ಟಡದ ಒಳಗೆ, ಕತ್ತಲೆಯಲ್ಲಿ ಓಡುವಂಥದು.

ರೋಲರ್ ಕೋಸ್ಟರಿನ ತತ್ತ್ವ ಬಹಳ ಸರಳ. ಗಾಡಿಯನ್ನು ಸರಪಣಿಯಿಂದಲೋ ಬೇರೆ ಯಂತ್ರದಿಂದಲೋ ಎತ್ತರಕ್ಕೆ ಎಳೆದು ಬಿಡುತ್ತಾರೆ. ಅಲ್ಲಿಂದ ಮುಂದೆ ಭೂಮಿಯ ಆಕರ್ಷಣೆಯೇ ಅದರ ಸಾರಥಿ. ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತನು ಇಂಥ ಒಂದು ಹಳಿಯನ್ನು ಹಾಕಿ, ಐದು ಸೆಂಟಿಗೆ ಒಂದು ಸವಾರಿಯೆಂದು ಜನರನ್ನು ಕರೆದನು. ಅದರ ವೇಗ ಗಂಟೆಗೆ ಸುಮಾರು 10 ಕಿಲೋಮೀಟರು. ಬೈಸಿಕಲ್ಲು ತುಳಿಯುವ ಹುಡುಗನೂ ಅದನ್ನು ಹಿಂದೆ ಹಾಕಬಹುದಾಗಿತ್ತು.

ವೇಗ ಹೆಚ್ಚಬೇಕಾದರೆ ಮೊದಲು ಕ್ಷೇಮ ಹೆಚ್ಚಬೇಕಾಯಿತು. ಆ ಕೆಲಸದಲ್ಲಿ ಸ್ಮರಿಸತಕ್ಕ ಹೆಸರು ಜಾನ್ ಮಿಲ್ಲರ್ ಎಂಬ ಅಮೆರಿಕದ ಇಂಜಿನಿಯರನದು. ದಿಬ್ಬ ಹತ್ತುವ ಗಾಡಿ ಹಿಂದಕ್ಕೆ ಜಾರದಂತೆ ಹಲ್ಲಿಗೆ ಹಲ್ಲು ಕಚ್ಚಿ ಹಿಡಿಯುವ ಏರ್ಪಾಡಿಗೆ ಅವನ ಹೆಸರೇ ಸಲ್ಲುತ್ತದೆ. ಗಾಡಿ ಏರುವಾಗ ಕಟಕಟ ಎಂದು ಕೇಳುವ ಶಬ್ದ ಇದರದೇ. ಎದೆ ಹೊಡೆದುಕೊಳ್ಳುವಂತೆ ಮಾಡುವ ಆ ಸದ್ದು ನಿಜವಾಗಿ ಅಭಯದ ಸದ್ದು! ಇನ್ನೊಂದು, 1919ರ ಸುಮಾರಿಗೆ ಬಂದ ಕೆಳಗಾಲಿ. ಹಳಿಯ ಮೇಲೆ ಒಂದು ಗಾಲಿ, ಪಕ್ಕದಲ್ಲಿ ಒಂದು, ಅಡಿಯಲ್ಲಿ ಒಂದು. ಹೀಗೆ ಮೂರು ಕಡೆಯಿಂದ ಗಾಡಿ ಹಳಿಯನ್ನು ತಬ್ಬಿಕೊಂಡಿರುತ್ತದೆ. ದಿಬ್ಬದ ನೆತ್ತಿಯಲ್ಲಿ ಸವಾರನ ಮೈ ಆಸನದಿಂದ ಏಳುವಂತಾದರೂ ಗಾಡಿ ಹಳಿಯನ್ನು ಬಿಟ್ಟು ಏಳಲಾರದು.

ಇನ್ನು ಕತ್ತಲೆಯ ಮಾತು. ಅಮೆರಿಕದ ಫ್ಲಾರಿಡದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡಿನಲ್ಲಿ 1975ರ ಜನವರಿಯಲ್ಲಿ ಸ್ಪೇಸ್ ಮೌಂಟನ್ ಎಂಬ ಆಟ ತೆರೆಯಿತು. ಹೊರಗಿನಿಂದ ನೋಡಿದರೆ ಬೋರಲು ಹಾಕಿದ ಕೊಳವೆಯಂತೆ ಕಾಣುವ ಬಿಳಿಯ ಗೋಪುರ. ಒಳಗೆ ಅಂತರಿಕ್ಷಯಾನದ ಕಲ್ಪನೆ. ಕಗ್ಗತ್ತಲೆ, ಅದರಲ್ಲಿ ಚುಕ್ಕೆಗಳ ಮಿನುಗು, ಎತ್ತ ತಿರುಗುವುದೋ ತಿಳಿಯದ ಹಳಿ. ಇದೇ ಹೆಸರಿನ ಆಟ ಕ್ಯಾಲಿಫೋರ್ನಿಯದಲ್ಲಿ 1977ರಲ್ಲಿಯೂ ಜಪಾನಿನ ಟೋಕಿಯೋ ಡಿಸ್ನಿಲ್ಯಾಂಡಿನಲ್ಲಿ 1983ರಲ್ಲಿಯೂ ಆರಂಭವಾಯಿತು.

ಫ್ಲಾರಿಡದ ಈ ಗಾಡಿಯಿಂದ ಇಳಿದವರು ಅದು ಮಿಂಚಿನಂತೆ ಹಾರಿತೆಂದು ಹೇಳುತ್ತಾರೆ. ಅದರ ಪರಮ ವೇಗ ಗಂಟೆಗೆ ಸುಮಾರು 45 ಕಿಲೋಮೀಟರು ಮಾತ್ರ! ನಮ್ಮ ಊರಿನ ಬಸ್ಸು ಬಯಲು ರಸ್ತೆಯಲ್ಲಿ ಇದಕ್ಕಿಂತ ಜೋರಾಗಿ ಹೋಗುತ್ತದೆ. ಹಾಗಾದರೆ ಆ ಭ್ರಮೆ ಎಲ್ಲಿಂದ ಬಂತು? ಕಣ್ಣಿಗೆ ಕಂಡ ತಿರುವಿಗೆ ಮೈ ಮೊದಲೇ ಸಿದ್ಧವಾಗುತ್ತದೆ. ಕಾಣದ ತಿರುವಿಗೆ ಸಿದ್ಧತೆಯೇ ಇಲ್ಲ. ಪ್ರತಿಯೊಂದು ಇಳಿತವೂ ಕಾಲ ಕೆಳಗಿನ ನೆಲ ಕುಸಿದಂತೆ ತೋರುತ್ತದೆ. ವೇಗದ ಕೊರತೆಯನ್ನು ಕತ್ತಲೆ ತುಂಬಿಕೊಡುತ್ತದೆ.

ಯಾವುದಾದರೂ ಕಾರಣಕ್ಕೆ ಆಟ ನಿಂತಾಗ ಒಳಗಿನ ದೀಪಗಳನ್ನು ಹಾಕಿ, ಸಿಬ್ಬಂದಿಯವರು ಸವಾರರನ್ನು ಮೆಟ್ಟಿಲು ಹಾದಿಯಲ್ಲಿ ಕೆಳಗಿಳಿಸುತ್ತಾರೆ. ಆಗ ನಕ್ಷತ್ರಗಳೆಲ್ಲ ಮಾಯ. ಉಳಿಯುವುದು ಕಾರ್ಖಾನೆಯಂಥ ಒಂದು ಹಜಾರ: ಒಂದರ ಮೇಲೊಂದು ಹೆಣೆದುಕೊಂಡ ಹಳಿಗಳು, ಉಕ್ಕಿನ ಕಂಬಗಳು, ತೊಲೆಗಳು, ತಪಾಸಣೆಯವರು ನಡೆದಾಡುವ ಕಿರುದಾರಿಗಳು. ಬೆಳಕಿನಲ್ಲಿ ಇದನ್ನು ಕಂಡವರಿಗೆ, ಕತ್ತಲೆಯಲ್ಲಿ ಹುಟ್ಟದ ಬೇರೊಂದು ಅಂಜಿಕೆ ಹುಟ್ಟುವುದುಂಟು: ಈ ತೊಲೆ ನನ್ನ ತಲೆಗೆ ಇಷ್ಟು ಹತ್ತಿರವಿತ್ತೆ?

ಅದಕ್ಕೂ ಒಂದು ಲೆಕ್ಕವಿದೆ. ಆಸನದಲ್ಲಿ ಕುಳಿತ ಮನುಷ್ಯನು ಕೈ ಚಾಚಿದರೆ ಎಷ್ಟು ದೂರ ಮುಟ್ಟಬಹುದೆಂದು ಅಳೆದು, ಆ ಅಳತೆಯ ಆಚೆಗೆ ಕಂಬ ತೊಲೆಗಳನ್ನು ಇಡುತ್ತಾರೆ. ಆದರೆ ಈ ಲೆಕ್ಕ ಕುಳಿತವನಿಗೆ ಹಾಕಿದ್ದು. ಎದ್ದು ನಿಂತವನಿಗೆ, ಸರಳಿನ ಕೆಳಗಿನಿಂದ ನುಸುಳಿದವನಿಗೆ, ಗಾಡಿಯ ಹೊರಗೆ ಬಾಗಿದವನಿಗೆ ಅದು ಅನ್ವಯಿಸುವುದಿಲ್ಲ.

ಹಳಿಯ ಮೇಲೆ ಏಕಕಾಲಕ್ಕೆ ಹಲವು ಗಾಡಿಗಳು ಓಡುತ್ತಿರುತ್ತವೆ. ಒಂದಕ್ಕೊಂದು ಢಿಕ್ಕಿ ಹೊಡೆಯದಿರುವುದು ಹೇಗೆ? ರೈಲ್ವೆಯವರ ಹಳೆಯ ಉಪಾಯವೇ ಇಲ್ಲಿಯೂ ಉಂಟು. ಇಡೀ ಹಳಿಯನ್ನು ಖಂಡಗಳಾಗಿ ವಿಂಗಡಿಸಿ, ಒಂದು ಖಂಡದಲ್ಲಿ ಒಂದೇ ಗಾಡಿ ಇರಬೇಕೆಂಬ ಕಟ್ಟಳೆ ಮಾಡಿದ್ದಾರೆ. ಮುಂದಿನ ಖಂಡ ತೆರವಾಗದಿದ್ದರೆ ಹಿಂದಿನ ಗಾಡಿಯನ್ನು ಬ್ರೇಕು ತಡೆದು ನಿಲ್ಲಿಸುತ್ತದೆ. ಕಂಪ್ಯೂಟರು ಇದನ್ನು ಕಣ್ಣಿಟ್ಟು ಕಾಯುತ್ತದೆ. ನಡುದಾರಿಯಲ್ಲಿ ಗಾಡಿ ಥಟ್ಟನೆ ನಿಂತರೆ ಸವಾರರು ಬೈದುಕೊಳ್ಳುತ್ತಾರೆ; ಅನೇಕ ವೇಳೆ ಅದು ಕಾವಲುಗಾರನು ಎಚ್ಚರವಾಗಿರುವುದರ ಗುರುತು. ಇದಲ್ಲದೆ ಆಟ ತೆರೆಯುವ ಮುಂಚೆ ಕುಶಲಕರ್ಮಿಗಳು ಹಳಿಯನ್ನೂ ಗಾಡಿಯನ್ನೂ ಪರೀಕ್ಷಿಸಿ, ಖಾಲಿ ಗಾಡಿಗಳನ್ನು ಓಡಿಸಿ ನೋಡುತ್ತಾರೆ.

ಇಷ್ಟೆಲ್ಲ ಇದ್ದೂ ಏನಾಗಬಹುದು ಎಂಬುದಕ್ಕೆ ಟೋಕಿಯೋದ ದೃಷ್ಟಾಂತವನ್ನು ಹೇಳಬೇಕು. 2003ರ ಡಿಸೆಂಬರ್ 5ರಂದು ಅಲ್ಲಿಯ ಸ್ಪೇಸ್ ಮೌಂಟನ್ನಿನ ಒಂದು ಗಾಡಿ ಸವಾರಿ ಮುಗಿಸಿ ನಿಲ್ದಾಣಕ್ಕೆ ಇನ್ನೇನು ಬರಬೇಕು, ಹಳಿ ತಪ್ಪಿತು. ಗಾಡಿಯ ಇರಸು ಮುರಿದಿತ್ತು. ದೈವವಶಾತ್ ಯಾರಿಗೂ ಗಾಯವಾಗಲಿಲ್ಲ. ತನಿಖೆಯಲ್ಲಿ ಹೊರಬಿದ್ದ ಸಂಗತಿ ನಮ್ಮ ಶಾಲೆಯ ಗಣಿತದ ಪಾಠಕ್ಕೆ ಸೇರತಕ್ಕದ್ದು. 1995ರಲ್ಲಿ ಗಾಡಿಯ ನಕ್ಷೆಗಳನ್ನು ಅಂಗುಲದ ಲೆಕ್ಕದಿಂದ ಮೆಟ್ರಿಕ್ ಲೆಕ್ಕಕ್ಕೆ ಬದಲಿಸಿ, ಇರಸಿನ ದಪ್ಪವನ್ನು 45 ಮಿಲಿಮೀಟರ್ ಎಂದು ಗೊತ್ತುಪಡಿಸಿದ್ದರು. ಹಳೆಯ ನಕ್ಷೆ ಮಾತ್ರ ಕಡತದಲ್ಲಿ ಹಾಗೆಯೇ ಉಳಿದಿತ್ತು. 2002ರಲ್ಲಿ ಹೊಸ ಇರಸುಗಳಿಗೆ ಬೇಡಿಕೆ ಕಳುಹಿಸಿದಾಗ ಹೋದದ್ದು ಆ ಹಳೆಯ ನಕ್ಷೆ. ಬಂದ ಇರಸುಗಳ ದಪ್ಪ 44.14 ಮಿಲಿಮೀಟರು. ಇರಸಿಗೂ ಬೇರಿಂಗಿಗೂ ನಡುವೆ 0.2 ಮಿಲಿಮೀಟರ್ ಇರಬೇಕಾದ ಸಂದು ಒಂದು ಮಿಲಿಮೀಟರನ್ನು ಮೀರಿತು. ಸಡಿಲವಾದ ಇರಸು ಓಟದಲ್ಲೆಲ್ಲ ಅದುರಿ ಅದುರಿ, ದಣಿದು, ಕಡೆಗೆ ಮುರಿಯಿತು.

ವ್ಯತ್ಯಾಸ ಒಂದು ಮಿಲಿಮೀಟರಿಗೂ ಕಡಿಮೆ. ಅಕ್ಕಿಯ ಕಾಳಿನ ದಪ್ಪಕ್ಕೂ ಬಾರದು. ಕತ್ತಲೆ, ಇಳಿಜಾರು, ತಿರುವು ಇವಾವುವೂ ಸವಾರನಿಗೆ ಕೇಡು ಬಗೆದಿರಲಿಲ್ಲ. ಹಳೆಯದೆಂದು ತೆಗೆದಿಡದ ಒಂದು ಕಾಗದ, ಬಂದ ಸಾಮಾನನ್ನು ಅಳೆದು ನೋಡದ ಒಂದು ಕೈ, ಇವೇ ಅಪಾಯವನ್ನು ಒಳಗೆ ಬಿಟ್ಟುಕೊಂಡವು. ಆಟವನ್ನು ನಿಲ್ಲಿಸಿ, ತಿದ್ದುಪಾಟು ಮಾಡಿ, 2004ರಲ್ಲಿ ಮತ್ತೆ ಆರಂಭಿಸಿದರು. ಹೊಸದಾಗಿ ಕಟ್ಟುವ ಸಲುವಾಗಿ ಆ ಹಳೆಯ ಸ್ಪೇಸ್ ಮೌಂಟನ್ನನ್ನು 2024ರ ಜುಲೈ ಕೊನೆಯಲ್ಲಿ ಮುಚ್ಚಲಾಯಿತು.

ಈಗ ನಮ್ಮ ಮಕ್ಕಳೂ ಶಾಲೆಯ ಪ್ರವಾಸದಲ್ಲಿ, ಮನೆಯವರೊಡನೆ, ಇಂಥ ಆಟಗಳಿರುವ ಉದ್ಯಾನಗಳಿಗೆ ಹೋಗುತ್ತಾರೆ. ಹೋಗಬಾರದೆಂದು ನಾನು ಹೇಳುವವನಲ್ಲ. ಮಕ್ಕಳಿಗೆ ಸಾಹಸದ ರುಚಿ ಬೇಕು. ಆದರೆ ಪ್ರವೇಶದ ಬಳಿ ಎತ್ತರದ ಗೆರೆಯನ್ನು ಕಂಡಾಗ ಮಗುವನ್ನು ತುದಿಗಾಲಿನಲ್ಲಿ ನಿಲ್ಲಿಸಬೇಡಿ. ಫ್ಲಾರಿಡದಲ್ಲಿ ಆ ಗೆರೆ 44 ಅಂಗುಲದ್ದು. ಅಡ್ಡಸರಳು ಚಿಕ್ಕ ಮೈಯನ್ನು ಹಿಡಿದು ನಿಲ್ಲಿಸಲಾರದೆಂಬುದಕ್ಕಾಗಿ ಗೆರೆಯನ್ನು ಎಳೆದಿದ್ದಾರೆ. ಗರ್ಭಿಣಿಯರೂ, ಹೃದಯದ ಅಥವಾ ಬೆನ್ನು ಕುತ್ತಿಗೆಯ ತೊಂದರೆಯುಳ್ಳವರೂ ಹತ್ತಬಾರದೆಂದು ಬರೆದಿದ್ದರೆ ಅದನ್ನು ಸಂಕೋಚವಿಲ್ಲದೆ ಪಾಲಿಸಿ. ಕನ್ನಡಕ, ಟೊಪ್ಪಿಗೆ, ಮೊಬೈಲು ಇವನ್ನು ಕೈಯಲ್ಲಿ ಹಿಡಿಯದೆ ಭದ್ರವಾಗಿ ಇರಿಸಿ. ಕತ್ತಲೆಯಲ್ಲಿ ಹಾರಿದ ವಸ್ತು ಹಿಂದಿನವರ ಮುಖಕ್ಕೆ ಕಲ್ಲಾದೀತು. ಗಾಡಿ ನಡುವೆ ನಿಂತರೆ ಸಿಬ್ಬಂದಿಯವರು ಬರುವ ತನಕ ಕುಳಿತೇ ಇರಿ.

ನಾಟಕದ ವೇಷಗಾರನನ್ನು ನಾವು ಮೆಚ್ಚುತ್ತೇವೆ. ನೇಪಥ್ಯದಲ್ಲಿ ಹಗ್ಗ ಹಿಡಿದು ನಿಂತವನ ಹೆಸರು ಯಾರಿಗೂ ತಿಳಿಯದು. ಈ ಆಟದಲ್ಲಿಯೂ ಹಾಗೆಯೇ. ಬೆಳಗಿನ ಜಾವ ಟಾರ್ಚು ಹಿಡಿದು ಹಳಿಯ ಗುಂಟ ನಡೆದು, ಮೊಳೆ ಮೊಳೆಯನ್ನೂ ಮುಟ್ಟಿ ನೋಡಿದವನು ಸರಿಯಾಗಿ ಕೆಲಸ ಮಾಡಿದ ದಿನ ಏನೂ ನಡೆಯುವುದಿಲ್ಲ. ಮಕ್ಕಳು ಕೂಗುತ್ತಾ ಇಳಿದು, ಇನ್ನೊಂದು ಸಲವೆಂದು ಹಠ ಹಿಡಿಯುತ್ತಾರೆ. ಮುಂದಿನ ಸಾರಿ ಅಂಥ ಹಠವನ್ನು ಕಂಡಾಗ ಆ ಕಾಣದ ಕೈಯನ್ನು ಒಂದು ಗಳಿಗೆ ನೆನೆಯೋಣ. ಅದರ ಲೆಕ್ಕ ಕೆಡದಂತೆ ನಮ್ಮ ಆಸನದಲ್ಲಿ ನಾವು ಸರಿಯಾಗಿ ಕುಳಿತಿರೋಣ.