ಮೊದಲು ಮಗುವಿನ ಫೈಲು, ಆಮೇಲೆ ಟಿಕೆಟ್ಟು

(ಕಾಪೆಲ್‌ನಲ್ಲಿ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಊರಿಂದ ಹೊರಡುವವರು ನಮ್ಮನ್ನು ಕೇಳೋದು ಸಾಮಾನ್ಯವಾಗಿ ಮೂರೇ ಪ್ರಶ್ನೆ: ಬಾಡಿಗೆ ಎಷ್ಟು, ಸ್ಕೂಲು ಹೇಗೆ, ಸೋನಾ ಮಸೂರಿ ಎಲ್ಲಿ ಸಿಗುತ್ತೆ. ನಾಲ್ಕನೆಯದು ದನಿ ತಗ್ಗಿಸಿ ಬರುತ್ತೆ. "ಮಗಳಿಗೆ ಸಕ್ಕರೆ ಕಾಯಿಲೆ ಇದೆ. ಅಲ್ಲಿ ಇನ್ಶೂರೆನ್ಸ್ ಕೊಡ್ತಾರಾ? ಹೇಳದೆ ಇರೋದೇ ವಾಸಿನಾ?"

ಮುಚ್ಚಿಡಬೇಡಿ. ಮುಚ್ಚಿಡುವ ಅಗತ್ಯವೂ ಇಲ್ಲ. ಈ ಭಯಕ್ಕೆ ಹಳೆಯ ಕಾರಣ ಇದೆ. 1996ರ ಹಿಪಾ ಕಾಯ್ದೆ ಬಂದ ಮೇಲೂ ಕಂಪನಿಯ ಪ್ಲಾನು ಮೊದಲೇ ಇದ್ದ ಕಾಯಿಲೆಯ ಖರ್ಚನ್ನು ಒಂದು ವರ್ಷದವರೆಗೆ ಹೊರಗಿಡಬಹುದಿತ್ತು. ಆಗ ಕೆಲಸ ಬದಲಿಸಿದವರು ಹಳೆಯ ಇನ್ಶೂರೆನ್ಸಿನ ಸರ್ಟಿಫಿಕೇಟನ್ನು ಜೋಪಾನ ಮಾಡುತ್ತಿದ್ದುದು ನಮ್ಮಲ್ಲಿ ಹಳಬರಿಗೆ ನೆನಪಿರಬಹುದು. 2010ರ ಕಾನೂನು ಇದನ್ನು ಬದಲಿಸಿತು. ಆ ವರ್ಷದ ಸೆಪ್ಟೆಂಬರ್ 23ರ ನಂತರ ಶುರುವಾದ ಪ್ಲಾನುಗಳಲ್ಲಿ 19 ವರ್ಷದೊಳಗಿನ ಮಕ್ಕಳಿಗೆ ಈ ತಡೆ ಹೋಯಿತು, 2014ರಿಂದ ದೊಡ್ಡವರಿಗೂ ಹೋಯಿತು. ಕಂಪನಿಯ ಪ್ಲಾನಿಗೆ ಸೇರಿದ ಮಗುವಿಗೆ ಎಚ್-4 ವೀಸಾ ಅಂತ ಬೇರೆ ಲೆಕ್ಕ ಇಲ್ಲ.

ಹಾಗಾದರೆ ತೊಡಕು ಎಲ್ಲಿ? ನಡುವಿನ ದಿನಗಳಲ್ಲಿ. ಕೆಲಸಕ್ಕೆ ಸೇರಿದ ದಿನವೇ ಇನ್ಶೂರೆನ್ಸ್ ಶುರುವಾಗಬೇಕೆಂದಿಲ್ಲ, ಕಂಪನಿ 90 ದಿನದವರೆಗೆ ಕಾಯಿಸಬಹುದು. ಆ ಸಂದಿಗೆ ಟ್ರಾವೆಲ್ ಇನ್ಶೂರೆನ್ಸ್ ಸಾಕು ಅಂದುಕೊಳ್ಳುವವರು ಬಹಳ. ಅಂಥ ಪಾಲಿಸಿಗಳು ಈ ಕಾನೂನಿನ ಹೊರಗಿವೆ, ಮೊದಲೇ ಇದ್ದ ಕಾಯಿಲೆಯನ್ನು ಸಾಮಾನ್ಯವಾಗಿ ಕೈಬಿಡುತ್ತವೆ. ಅಂದರೆ ಯಾವ ಮಗುವಿಗೆ ಬೇಕೋ ಆ ಮಗುವಿಗೇ ಅದು ಇಲ್ಲ! ಆದ್ದರಿಂದ ಆಫರ್ ಲೆಟರಿಗೆ ಸಹಿ ಹಾಕುವ ಮುಂಚೆ ಎರಡು ಸಾಲು ಈಮೇಲ್ ಬರೆಯಿರಿ: ಕವರೇಜ್ ಯಾವ ತಾರೀಖಿಂದ? ಹೆಂಡತಿ ಮಕ್ಕಳು ಮೂರು ತಿಂಗಳ ಮೇಲೆ ಬಂದರೆ ಆಗ ಸೇರಿಸಬಹುದೇ? ಉತ್ತರ ಬರಹದಲ್ಲೇ ಇರಲಿ. ಆಗೋದಿಲ್ಲ ಅಂದರೆ ಹೊರದೇಶದಿಂದ ಹೊಸದಾಗಿ ಬಂದವರಿಗೆ ಹೆಲ್ತ್‌ಕೇರ್ ಡಾಟ್ ಗವ್‌ನಲ್ಲಿ 60 ದಿನದ ಅವಕಾಶ ಇದೆ. ಆದರೂ ನನ್ನನ್ನು ಕೇಳಿದರೆ, ಕವರೇಜ್ ಶುರುವಾಗುವ ತನಕ ಮಗು ಊರಲ್ಲೇ ಅಜ್ಜಿಯ ಮನೆಯಲ್ಲಿ, ತನ್ನ ಡಾಕ್ಟರ ಹತ್ತಿರವೇ ಇರಲಿ.

ಪ್ಲಾನು ಆರಿಸುವಾಗ ತಿಂಗಳ ಕಂತು ಕಡಿಮೆ ಅಂತ ಮರುಳಾಗಬೇಡಿ. ಇಂಥ ಮಗು ಇರುವ ಮನೆಯವರು ನೋಡಬೇಕಾದ್ದು ವರ್ಷಕ್ಕೆ ನಿಮ್ಮ ಜೇಬಿಂದ ಹೆಚ್ಚೆಂದರೆ ಎಷ್ಟು ಹೋಗುತ್ತೆ ಅನ್ನುವ ಒಂದು ಅಂಕಿ.

ಈಗ ಇನ್ಸುಲಿನ್ ಮಾತು. ಇದನ್ನು ಗಮನವಿಟ್ಟು ಕೇಳಿ. ನಮ್ಮೂರಲ್ಲಿ ಸಿಗುವ ಸೀಸೆಗಳಲ್ಲಿ ಬಹಳಷ್ಟು ಒಂದು ಮಿಲಿಲೀಟರಿಗೆ 40 ಯೂನಿಟ್ಟಿನವು. ಇಲ್ಲಿ 100 ಯೂನಿಟ್ಟಿನದು. ಸಿರಿಂಜೂ ಬೇರೆ: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಊರಿಂದ ತಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಇಲ್ಲಿನ ಇನ್ಸುಲಿನ್ ಹತ್ತರ ಗೆರೆಗೆ ಎಳೆದರೆ ಮಗುವಿನ ಮೈಗೆ ಹೋಗೋದು 25 ಯೂನಿಟ್. ಚಿಕ್ಕ ಮಗುವಿನ ಜೀವಕ್ಕೇ ಅಪಾಯ. ಆದ್ದರಿಂದ ಇಲ್ಲಿನ ಔಷಧಿಗೆ ಬದಲಾದ ದಿನ ಹಳೆಯ ಸಿರಿಂಜುಗಳನ್ನು ಮನೆಯಲ್ಲೇ ಇಟ್ಟುಕೊಳ್ಳಬೇಡಿ. ವಿಮಾನದಲ್ಲಿ ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಬೆಂಗಳೂರಿಗೂ ಡಾಲಸ್‌ಗೂ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ವ್ಯತ್ಯಾಸ. ದಾರಿಯಲ್ಲಿ ಯಾವ ಡೋಸು ಯಾವಾಗ ಅಂತ ನಿಮ್ಮ ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

ಬೆಲೆ ವಿಚಾರಕ್ಕೂ ಒಂದು ಮಾತು. ಟೆಕ್ಸಸ್ 2021ರಲ್ಲಿ ಕಾನೂನು ಮಾಡಿ ತಿಂಗಳ ಇನ್ಸುಲಿನ್ನಿಗೆ ರೋಗಿಯ ಪಾಲು ಪ್ರಿಸ್ಕ್ರಿಪ್ಷನ್ನಿಗೆ 25 ಡಾಲರ್ ದಾಟಬಾರದು ಅಂದಿತು. ಆದರೆ ತಮ್ಮ ಹಣದಿಂದಲೇ ಪ್ಲಾನು ನಡೆಸುವ ದೊಡ್ಡ ಕಂಪನಿಗಳಿಗೆ ರಾಜ್ಯದ ಈ ಕಾನೂನು ತಾಗೋದಿಲ್ಲ. ನಮ್ಮಲ್ಲಿ ಎಷ್ಟೋ ಜನ ಇರೋದು ಅಂಥ ಕಂಪನಿಗಳಲ್ಲೇ, ಕೇಳಿ ನೋಡಿ.

ಬೇರೆ ಕಾಯಿಲೆಯವರಿಗೆ: ಔಷಧಿಯ ಬ್ರ್ಯಾಂಡ್ ಹೆಸರು ಇಲ್ಲಿ ನಡೆಯೋದಿಲ್ಲ, ರಾಸಾಯನಿಕ ಹೆಸರು ಬರೆಸಿ ತನ್ನಿ. ಅದೂ ಕೆಲವು ಸಲ ಬೇರೆ. ಆಸ್ತಮಾ ಮಕ್ಕಳ ಸಾಲ್ಬುಟಮಾಲ್ ಇಲ್ಲಿ ಅಲ್ಬುಟೆರಾಲ್. ಮೂರ್ಛೆರೋಗಕ್ಕೆ ಕೊಡುವ ಕ್ಲೋಬಜಾಮ್ ಇಲ್ಲಿ ನಿಯಂತ್ರಿತ ಔಷಧಿ, ಡಾಕ್ಟರ ಪತ್ರ ಇಲ್ಲದೆ ಚೀಲಕ್ಕೆ ಹಾಕಬೇಡಿ. ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯೋ ಜಯದೇವವೋ ನಿಮ್ಹಾನ್ಸೋ, ಎಲ್ಲಿ ತೋರಿಸಿದ್ದರೂ ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನಿನ ಸಿ.ಡಿ., ಲಸಿಕೆಯ ಕಾರ್ಡು ಕೈಯಲ್ಲಿರಲಿ. ಲಸಿಕೆಯ ಕಾರ್ಡನ್ನು ಸ್ಕೂಲಿನವರೂ ಕೇಳುತ್ತಾರೆ.

ಡಾಲಸ್ ಮತ್ತು ಪ್ಲೇನೋದ ಚಿಲ್ಡ್ರನ್ಸ್, ಫೋರ್ಟ್ ವರ್ತ್‌ನ ಕುಕ್ ಚಿಲ್ಡ್ರನ್ಸ್ ನಮಗೆ ಹತ್ತಿರ. ಹ್ಯೂಸ್ಟನ್‌ನವರಿಗೆ ಟೆಕ್ಸಸ್ ಚಿಲ್ಡ್ರನ್ಸ್, ಆಸ್ಟಿನ್‌ನವರಿಗೆ ಡೆಲ್ ಚಿಲ್ಡ್ರನ್ಸ್. ತಜ್ಞರ ಅಪಾಯಿಂಟ್‌ಮೆಂಟಿಗೆ ವಾರಗಟ್ಟಲೆ ಕಾಯಬೇಕಾಗಬಹುದು. ಅದಕ್ಕೇ ಕವರೇಜಿನ ತಾರೀಖು ಗೊತ್ತಾದ ದಿನವೇ ಫೋನು ಮಾಡಿ, ಮೂರು ತಿಂಗಳ ಔಷಧಿ ಜೊತೆಗೆ ತನ್ನಿ.

ಸ್ಕೂಲಿನ ನರ್ಸಿಗೆ ಎಲ್ಲವನ್ನೂ ಹೇಳಿ. "ನಾಲ್ಕು ಜನಕ್ಕೆ ಗೊತ್ತಾದರೆ ನಾಳೆ ಮದುವೆಗೆ ತೊಂದರೆ" ಅನ್ನುವ ಊರಿನ ಅಳುಕನ್ನು ಇಲ್ಲಿಗೂ ಹೊತ್ತು ತರುವವರಿದ್ದಾರೆ! 2005ರ ಟೆಕ್ಸಸ್ ಕಾನೂನಿನಂತೆ ಸಕ್ಕರೆ ಕಾಯಿಲೆಯ ಮಗುವಿಗೆ ಸ್ಕೂಲಿನಲ್ಲಿ ಬರಹದ ಆರೈಕೆ ಯೋಜನೆ ಇರಬೇಕು. ತಾನೇ ಸಕ್ಕರೆ ನೋಡಿಕೊಳ್ಳುವ, ಇನ್ಸುಲಿನ್ ಚುಚ್ಚಿಕೊಳ್ಳುವ ಹಕ್ಕೂ ಮಗುವಿಗಿದೆ. ಬಾಯಿ ಮುಚ್ಚಿಕೊಂಡರೆ ಇದ್ಯಾವುದೂ ಸಿಗೋದಿಲ್ಲ.

ಕೆಲಸ ಹೋದರೆ? ಎಚ್-1ಬಿಯವರಿಗೆ 2017ರಿಂದ 60 ದಿನದವರೆಗಿನ ಗಡುವಿದೆ. ಕೋಬ್ರಾ ಮೂಲಕ ಹಳೆಯ ಇನ್ಶೂರೆನ್ಸ್ ಮುಂದುವರಿಸಲು ತೀರ್ಮಾನಿಸುವುದಕ್ಕೂ 60 ದಿನ ಕಾಲಾವಕಾಶ. ಪೂರ್ತಿ ಕಂತು ನಿಮ್ಮದೇ, ದುಬಾರಿ. ಅಷ್ಟು ಹಣವನ್ನು ಮೊದಲ ವರ್ಷವೇ ಬೇರೆ ತೆಗೆದಿಡಿ, ಕಾರು ಆಮೇಲೆ ಕೊಂಡರಾಯಿತು.

ಕೊನೆಯದಾಗಿ, ಹಗಲು ಮಗುವನ್ನು ನೋಡಿಕೊಳ್ಳುವುದು ಊರಿಂದ ಬಂದ ಅಜ್ಜಿಯಾದರೆ, ಆಸ್ಪತ್ರೆಯ ಫಾರಂನಲ್ಲಿ ಅವರ ಭಾಷೆ ಕನ್ನಡ ಅಂತಲೇ ಬರೆಯಿರಿ, ಇಂಗ್ಲಿಷ್ ಅಂತಲೂ ಅಲ್ಲ, ಹಿಂದಿ ಅಂತಲೂ ಅಲ್ಲ. ಸರ್ಕಾರದ ಹಣ ಪಡೆಯುವ ಆಸ್ಪತ್ರೆ ದುಭಾಷಿಯ ನೆರವನ್ನು ಪುಕ್ಕಟೆಯಾಗಿ ಕೊಡಬೇಕು. ಫೋನಿನಲ್ಲಾದರೂ ಸರಿ, ಸಕ್ಕರೆ ಇಳಿದಾಗ ಏನು ಮಾಡಬೇಕು ಅನ್ನೋದನ್ನು ಅಜ್ಜಿ ಕನ್ನಡದಲ್ಲೇ ಕೇಳಿ ತಿಳಿದುಕೊಳ್ಳಲಿ. ಆಗಸ್ಟಿಗೆ ಮಕ್ಕಳನ್ನು ಸ್ಕೂಲಿಗೆ ಸೇರಿಸುವವರು ಯಾರಾದರೂ ಇದ್ದರೆ ಊಟದ ಹೊತ್ತಿಗೆ ಸಿಗಿ, ಡಾಕ್ಟರಿಂದ ಬರೆಸಬೇಕಾದ ಪತ್ರದ ಮಾದರಿ ನನ್ನ ಹತ್ತಿರ ಇದೆ.