ಬೋರ್ಡೋದಿಂದ ಘೋಣಸಗಿಯವರೆಗೆ: ದ್ರಾಕ್ಷಿಯ ನೆಲ



ದ್ರಾಕ್ಷಿ ಸೀಮೆ ಎಂದೊಡನೆ ನಿಮ್ಮ ಮನಸ್ಸು ಫ್ರಾನ್ಸ್ ದೇಶಕ್ಕೆ ಹೋಗುತ್ತದೆ. ಪಠ್ಯಪುಸ್ತಕದಲ್ಲಿ ಮೆಡಿಟರೇನಿಯನ್ ವಾಯುಗುಣ, ದ್ರಾಕ್ಷಿ, ಆಲಿವ್ ಎಂದು ಓದಿ ಅಂಕ ಗಳಿಸಿದವರು ನಾವೆಲ್ಲ. ಆದರೆ ವಿಜಯಪುರದಿಂದ ಪಡುವಣಕ್ಕೆ ಅಥಣಿ ರಸ್ತೆ ಹಿಡಿದು, ತೊರವಿ ದಾಟಿ, ತಿಕೋಟಾ ತಾಲ್ಲೂಕಿನೊಳಗೆ ಬನ್ನಿ. ಘೋಣಸಗಿಯಂಥ ಹಳ್ಳಿಗಳ ಸುತ್ತ ಒಂದು ಕಾಲಕ್ಕೆ ಮಡ್ಡಿ ಎಂದು ಬಿಟ್ಟಿದ್ದ ಗರಸು ನೆಲದ ಮೇಲೆ ತಂತಿಗೆ ಹಬ್ಬಿಸಿದ ಬಳ್ಳಿಗಳ ಸಾಲು. ಪಕ್ಕದಲ್ಲೇ ಹಸಿರು ಬಲೆ ಹೊದ್ದ ಉದ್ದುದ್ದ ಶೆಡ್ಡುಗಳು. ಅವುಗಳ ಒಳಗೆ ಮಹಡಿ ಮಹಡಿಯಾಗಿ ಕಟ್ಟಿದ ಬಲೆಯ ಅಟ್ಟಗಳ ಮೇಲೆ ದ್ರಾಕ್ಷಿ ಒಣಗುತ್ತಿರುತ್ತದೆ. ನಿಮ್ಮ ಮನೆಯ ಪಾಯಸದಲ್ಲಿ ತೇಲುವ ಒಣದ್ರಾಕ್ಷಿ ಇಲ್ಲಿಂದಲೇ ಬಂದಿರಬಹುದು. ಊರಿನವರು ಅದನ್ನು ಮಣೂಕ ಎನ್ನುತ್ತಾರೆ.

ಫ್ರೆಂಚರಲ್ಲಿ 'ತೆರ್‌ವಾರ್' ಎಂಬ ಒಂದು ಮಾತಿದೆ. ಮಣ್ಣು, ಇಳಿಜಾರು, ಬಿಸಿಲು, ಗಾಳಿ, ಅಲ್ಲಿಯ ಒಕ್ಕಲಿನ ರೂಢಿ ಇವೆಲ್ಲ ಸೇರಿ ಹಣ್ಣಿಗೆ ಕೊಡುವ ಗುಣಕ್ಕೆ ಆ ಹೆಸರು. ಶಾಂಪೇನ್ ಸೀಮೆಯಲ್ಲಿ ನೆಲದಡಿ ಬಿಳಿಯ ಸೀಮೆಸುಣ್ಣದ ಪದರ. ಬೋರ್ಡೋ ಬಳಿಯ ಮೆಡಾಕ್‌ನಲ್ಲಿ ನದಿ ತಂದು ಸುರಿದ ಗುಂಡುಗಲ್ಲು. ಬರ್ಗಂಡಿಯಲ್ಲಿ ಸುಣ್ಣಗಲ್ಲಿನ ಇಳಿಜಾರು. ಅಲ್ಲಿ ಕ್ರೈಸ್ತ ಸನ್ಯಾಸಿಗಳು ಶತಮಾನಗಳ ಕಾಲ ಒಂದೊಂದು ತುಂಡು ಹೊಲದ ಗುಣವನ್ನೂ ಗುರುತಿಸಿಟ್ಟರು. ಯಾವ ಸೀಮೆಯ ಮದ್ಯಕ್ಕೆ ಯಾವ ಹೆಸರು ಸಲ್ಲಬೇಕು ಎಂಬುದಕ್ಕೆ 1935ರಲ್ಲಿ ಫ್ರಾನ್ಸ್ ಕಾನೂನನ್ನೇ ಮಾಡಿತು. ಮದ್ಯದ ಗುಣಗಾನ ಈ ಮಾತುಕತೆಯ ಉದ್ದೇಶವಲ್ಲ. ನೆಲಕ್ಕೂ ಹಣ್ಣಿಗೂ ಇರುವ ನಂಟನ್ನು ಒಂದು ದೇಶ ಎಷ್ಟು ಗಂಭೀರವಾಗಿ ತೆಗೆದುಕೊಂಡಿತು ಎಂಬುದನ್ನಷ್ಟೇ ಗಮನಿಸಿ.

ಈಗ ಭೂಪಟ ತೆಗೆಯಿರಿ. ಬೋರ್ಡೋ ಇರುವುದು ಸುಮಾರು 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವಿಜಯಪುರ 17 ಡಿಗ್ರಿಗೂ ಕೆಳಗೆ. ಅಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ನಿದ್ರೆ ಹೋಗುತ್ತದೆ, ವಸಂತದಲ್ಲಿ ತಾನಾಗಿ ಚಿಗುರುತ್ತದೆ. ನಮ್ಮಲ್ಲಿ ಆ ಚಳಿ ಎಲ್ಲಿದೆ? ಬಿಟ್ಟರೆ ಬಳ್ಳಿ ವರ್ಷವಿಡೀ ಹಸಿರಾಗಿಯೇ ಹಬ್ಬುತ್ತದೆ, ಗೊನೆ ಮಾತ್ರ ನೆಟ್ಟಗೆ ಬರುವುದಿಲ್ಲ. ಆದ್ದರಿಂದ ನಮ್ಮ ರೈತ ವರ್ಷಕ್ಕೆ ಎರಡು ಸಲ ಕತ್ತರಿ ಹಿಡಿಯುತ್ತಾನೆ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ಈ ಭಾಗದಲ್ಲಿ ಕರೆಯುತ್ತಾರೆ.

ಏಪ್ರಿಲ್‌ನಲ್ಲಿ ಬಳ್ಳಿಯನ್ನು ಬೋಳಾಗಿ ಸವರುತ್ತಾರೆ. ಹೊಸ ಕಡ್ಡಿ ಬೆಳೆಯುತ್ತದೆ. ಆ ಕಡ್ಡಿಯ ಒಂದೊಂದು ಕಣ್ಣಿನೊಳಗೂ, ಬರಿಗಣ್ಣಿಗೆ ಕಾಣದಷ್ಟು ಸಣ್ಣದಾಗಿ, ಮುಂದಿನ ಗೊನೆಯ ಮೊಳಕೆ ಆ ಬಿಸಿಲಿನಲ್ಲೇ ರೂಪುಗೊಳ್ಳುತ್ತದೆ. ಆಗ ಮೋಡ ಕವಿದರೆ ಗೊನೆಯ ಬದಲು ಬರೀ ಬಳ್ಳಿಯ ಕುಡಿ ಹೊರಡುವುದುಂಟು. ಮಳೆಗಾಲ ಕಳೆದ ಮೇಲೆ, ಅಕ್ಟೋಬರ್‌ನಲ್ಲಿ, ಕಾಯಿ ಕಟ್ಟಬಲ್ಲ ಕಣ್ಣಿನವರೆಗೆ ಕಡ್ಡಿಯನ್ನು ಕತ್ತರಿಸುತ್ತಾರೆ. ಕಣ್ಣುಗಳೆಲ್ಲ ಒಟ್ಟಿಗೆ ಒಡೆಯಲೆಂದು ಹೈಡ್ರೋಜನ್ ಸಯನಮೈಡ್ ಎಂಬ ರಾಸಾಯನಿಕವನ್ನು ಹಚ್ಚುತ್ತಾರೆ. ಫ್ರಾನ್ಸಿನಲ್ಲಿ ಚಳಿ ಪುಕ್ಕಟೆ ಮಾಡಿಕೊಡುವ ಕೆಲಸವನ್ನು ಇಲ್ಲಿ ಕತ್ತರಿ, ಕೂಲಿ ಮತ್ತು ರಸಾಯನಶಾಸ್ತ್ರ ಸೇರಿ ಮಾಡುತ್ತವೆ. ಅಲ್ಲಿಂದ ನಾಲ್ಕು ತಿಂಗಳ ಆಚೀಚೆ ಹಣ್ಣು.

ಬಳ್ಳಿಯ ಬುಡಕ್ಕೆ ಬರೋಣ, ಕಥೆ ಸ್ವಾರಸ್ಯವಾಗಿರುವುದು ಅಲ್ಲೇ. 1863ರ ಹೊತ್ತಿಗೆ ಫ್ರಾನ್ಸಿನ ದಕ್ಷಿಣದಲ್ಲಿ ತೋಟಗಳು ಕಾರಣವಿಲ್ಲದೆ ಒಣಗತೊಡಗಿದವು. 1868ರಲ್ಲಿ ಪ್ಲಾಂಶೋನ್ ಎಂಬ ಸಸ್ಯಶಾಸ್ತ್ರಜ್ಞರೂ ಅವರ ಸಂಗಡಿಗರೂ ಬೇರು ಅಗೆದು ನೋಡಿದರೆ ಹೇನಿನಂಥ ಹಳದಿ ಕೀಟ! ಫಿಲೊಕ್ಸೆರ ಎಂಬ ಆ ಕೀಟ ಅಮೆರಿಕದಿಂದ ಹಡಗೇರಿ ಬಂದಿತ್ತು. ಅಮೆರಿಕದ ಕಾಡುದ್ರಾಕ್ಷಿಯ ಬೇರು ಅದನ್ನು ತಾಳಿಕೊಳ್ಳುತ್ತಿತ್ತು, ಯುರೋಪಿನ ದ್ರಾಕ್ಷಿಯ ಬೇರು ತಾಳುತ್ತಿರಲಿಲ್ಲ. ಕೊನೆಗೆ ಅಮೆರಿಕದ ಬೇರಿನ ಮೇಲೆ ಯುರೋಪಿನ ಕಡ್ಡಿಯನ್ನು ಕಸಿ ಕಟ್ಟಿ ತೋಟಗಳನ್ನು ಮತ್ತೆ ಎಬ್ಬಿಸಿದರು. ಟೆಕ್ಸಾಸ್‌ನ ಕಾಡುಬಳ್ಳಿಗಳ ಮೇಲೆ ದುಡಿದ ಮನ್ಸನ್ ಎಂಬ ತೋಟಗಾರಿಕೆ ತಜ್ಞರಿಗೆ 1888ರಲ್ಲಿ ಫ್ರಾನ್ಸ್ ಸರ್ಕಾರ ಪದವಿ ಕೊಟ್ಟು ಗೌರವಿಸಿತು.

ಇದಕ್ಕೂ ತಿಕೋಟಾಕ್ಕೂ ಏನು ಸಂಬಂಧ ಎನ್ನುವಿರಾ? ಈ ಭಾಗದ ತೋಟಗಳಲ್ಲಿ ರೈತರು ಮೊದಲು ನೆಡುವುದು 'ಡಾಗ್‌ರಿಡ್ಜ್' ಎಂಬ ಬೇರುಸಸಿಯನ್ನು. ಅದೂ ಟೆಕ್ಸಾಸ್‌ನ ಕಾಡುಬಳ್ಳಿಯ ವಂಶದ್ದೇ. ಅದು ಬೆಳೆದ ಮೇಲೆ ಥಾಮ್ಸನ್ ಸೀಡ್‌ಲೆಸ್ ಮುಂತಾದ ತಳಿಗಳ ಕಡ್ಡಿಯನ್ನು ಅದಕ್ಕೆ ಕಸಿ ಕಟ್ಟುತ್ತಾರೆ. ನಮ್ಮ ರೈತನಿಗೆ ಕೀಟದ ಕಾಟಕ್ಕಿಂತ ದೊಡ್ಡ ಚಿಂತೆ ಉಪ್ಪು ಮತ್ತು ಬರ. ಬಸಾಲ್ಟ್ ಬಂಡೆಯ ಬಿರುಕುಗಳಿಂದ ಕೊಳವೆಬಾವಿ ಎತ್ತುವ ನೀರು ಎಷ್ಟೋ ಕಡೆ ಸವುಳು. ಆ ಸವುಳನ್ನೂ ನೀರಿನ ಅಭಾವವನ್ನೂ ಟೆಕ್ಸಾಸಿನ ಬೇರು ಒಂದಿಷ್ಟು ಸಹಿಸುತ್ತದೆ. ಹೀಗೆ ಫ್ರಾನ್ಸಿನ ಸಂಕಟಕ್ಕೆ ಹುಡುಕಿದ ಉಪಾಯವೊಂದು ಬೇರೆ ಕಾರಣಕ್ಕೆ ನಮ್ಮ ಮಡ್ಡಿಯಲ್ಲಿ ಬೇರೂರಿತು.

ಬೋರ್ಡೋ ಎಂಬ ಹೆಸರು ನಮ್ಮ ರೈತರ ಬಾಯಲ್ಲಿ ಇನ್ನೊಂದು ರೀತಿಯಲ್ಲಿಯೂ ಇದೆ. ದಾರಿಹೋಕರು ಹಣ್ಣು ಕದಿಯದಿರಲೆಂದು ಮೆಡಾಕ್‌ನ ಒಕ್ಕಲಿಗರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಜು ರೋಗ ತಗುಲದಿರುವುದನ್ನು ಬೋರ್ಡೋದ ಪ್ರಾಧ್ಯಾಪಕ ಮಿಲಾರ್ದೆ ಕಂಡರು. ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದರು. ಅದೇ ಬೋರ್ಡೋ ದ್ರಾವಣ. ಮಲೆನಾಡಿನ ಅಡಿಕೆ ತೋಟಕ್ಕೂ ಅದೇ ಮದ್ದು.

ತಳಿಗಳ ವಿಚಾರ ಒಂದೆರಡು ಮಾತು. ಬೀಜವಿಲ್ಲದ ದ್ರಾಕ್ಷಿಯನ್ನು ಬೀಜದಿಂದ ಬೆಳೆಸಲಾಗದು, ಕಡ್ಡಿಯೇ ಗತಿ. ಎಂದರೆ ಸಾವಿರಾರು ಎಕರೆಯ ಥಾಮ್ಸನ್ ಬಳ್ಳಿಗಳೆಲ್ಲ ಹೆಚ್ಚುಕಡಿಮೆ ಒಂದೇ ಬಳ್ಳಿಯ ತುಂಡುಗಳು. ನಡುವೆ ಎಲ್ಲೋ ಒಂದು ಕೊಂಬೆ ತಾನಾಗಿ ಬದಲಾದರೆ ಅದು ಉತ್ಪರಿವರ್ತನೆ. ಪಕ್ಕದ ಸಾಂಗ್ಲಿ ಜಿಲ್ಲೆಯ ತಾಸಗಾಂವ ಭಾಗದ ರೈತರು ಅಂಥ ಕೊಂಬೆಯನ್ನು ಗುರುತಿಸಿ ಆಯ್ದದ್ದೇ 'ತಾಸ್-ಎ-ಗಣೇಶ್' ತಳಿ. ಪ್ರಯೋಗಶಾಲೆ ಇಲ್ಲದೆ, ಕಣ್ಣಳತೆಯಲ್ಲೇ ಮಾಡಿದ ತಳಿಶಾಸ್ತ್ರ ಅದು.

ಇಷ್ಟೆಲ್ಲ ಮಾಡಿ ಇಲ್ಲಿಯವರು ಹಣ್ಣನ್ನು ಹಿಂಡದೆ ಒಣಗಿಸುವುದೇಕೆ? ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ನಂದಿ ಕಣಿವೆ, ಕೃಷ್ಣಾ ಕಣಿವೆ ಎಂಬ ಹೆಸರುಗಳು ಚಾಲ್ತಿಗೆ ಬಂದವು. ಆದರೂ ಈ ಸೀಮೆಯ ನಿಜವಾದ ಪ್ರತಿಭೆ ಒಣಗಾಳಿ ಎಂದೇ ನನ್ನ ಎಣಿಕೆ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಇಲ್ಲಿ ಒಗೆದ ಬಟ್ಟೆ ಎಷ್ಟು ಬೇಗ ಒಣಗುತ್ತದೆ ಎಂದು ನೀವೇ ಬಲ್ಲಿರಿ. ತಾಜಾ ಹಣ್ಣು ಕೆಲವೇ ದಿನ ಬಾಳುತ್ತದೆ. ಪೇಟೆ ಬಿದ್ದ ವಾರದಲ್ಲಿ ಅದನ್ನು ಬಂದ ಬೆಲೆಗೆ ಕೊಡಲೇಬೇಕು. ಒಣದ್ರಾಕ್ಷಿಯಾದರೆ ತಂಪು ಕೋಣೆಯಲ್ಲಿಟ್ಟು ಬೆಲೆಗೆ ಕಾಯಬಹುದು.

ಲೆಕ್ಕ ನೋಡಿ. ಮಾಗಿದ 100 ಕಿಲೋ ದ್ರಾಕ್ಷಿಯಲ್ಲಿ ಸಕ್ಕರೆ ಮೊದಲಾದ ಘನಪದಾರ್ಥ 22 ಕಿಲೋ, ಉಳಿದ 78 ನೀರು ಎಂದಿಟ್ಟುಕೊಳ್ಳಿ. ಒಣದ್ರಾಕ್ಷಿಯಲ್ಲಿ ಶೇಕಡ 15ರಷ್ಟು ನೀರು ಉಳಿಸಿದರೆ 22 ಕಿಲೋ ಎಂಬುದು ಅದರ ಶೇಕಡ 85 ಆಯಿತು. ಸಿಗುವುದು ಸುಮಾರು 26 ಕಿಲೋ. 74 ಕಿಲೋ ನೀರನ್ನು ಗಾಳಿಗೆ ಬಿಡಬೇಕು!

ಬಿಡುವುದು ಸುಲಭವಲ್ಲ. ದ್ರಾಕ್ಷಿಯ ಸಿಪ್ಪೆಯ ಮೇಲೆ ಬೂದಿ ಸವರಿದಂತೆ ಕಾಣುತ್ತದಲ್ಲ, ಅದು ಮೇಣ. ಹಂಚಿನ ಮಾಡಿನಂತೆ ಒಂದರ ಮೇಲೊಂದು ಕುಳಿತ ಅದರ ಬಿಲ್ಲೆಗಳು ನೀರನ್ನು ಒಳಗೇ ತಡೆಯುತ್ತವೆ. ಅದಕ್ಕೆಂದು ಒಂದು ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿಲೀಟರ್ ಈಥೈಲ್ ಓಲಿಯೇಟ್ ಎಂಬ 'ಡಿಪ್ಪಿಂಗ್ ಆಯಿಲ್' ಬೆರೆಸಿ, ಗೊನೆಗಳನ್ನು ಕೆಲವು ನಿಮಿಷ ಅದ್ದುತ್ತಾರೆ. ಮೇಣದ ಬಿಲ್ಲೆಗಳ ನಡುವೆ ದಾರಿ ತೆರೆಯುತ್ತದೆ, ಎರಡು ವಾರದ ಆಸುಪಾಸಿನಲ್ಲಿ ಹಣ್ಣು ಒಣಗುತ್ತದೆ. ಬೂದಿಯ ಕ್ಷಾರ, ಆಲಿವ್ ಎಣ್ಣೆ ಬೆರೆಸಿ ಅದ್ದುವ ಮೆಡಿಟರೇನಿಯನ್ ಕಡೆಯ ಹಳೆಯ ರೂಢಿಯ ಹೊಸ ರೂಪ ಇದು. ನೇರ ಬಿಸಿಲಿಗೆ ಹಾಕಿದರೆ ಕಂದು ಬಣ್ಣ ತಿರುಗುತ್ತದೆ, ಅದಕ್ಕೇ ನೆರಳು ಬಲೆಯ ಶೆಡ್ಡು. ನಮ್ಮ ಕ್ಯಾಮೆರಾದವರು ಒಮ್ಮೆ ಅಂಥ ಶೆಡ್ಡಿನೊಳಗೆ ದೀಪ ಹಚ್ಚಿದಾಗ ಕಂಡ ಹೊಂಬಣ್ಣವನ್ನು ಯಾವ ಟಿ.ವಿ. ಪರದೆಯೂ ಪೂರ್ತಿ ತೋರಿಸಲಾರದು.

ಆದರೆ ಈ ಹೊಂಬಣ್ಣ ನಿಂತಿರುವುದು ನೀರಿನ ಮೇಲೆ. ಜಿಲ್ಲೆಯ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರ್. ಬರಗಾಲದಲ್ಲಿ ಟ್ಯಾಂಕರ್‌ನಿಂದ ನೀರು ಕೊಂಡು ತಂದು, ಹನಿ ನೀರಾವರಿಯ ನಳಿಕೆಯಲ್ಲಿ ಬಿಟ್ಟು ಬಳ್ಳಿ ಉಳಿಸಿಕೊಂಡವರ ಊರುಗಳಿವು. ಒಂದು ವರ್ಷ ಬಳ್ಳಿ ಸತ್ತರೆ ಹೋಗುವುದು ಆ ವರ್ಷದ ಬೆಳೆಯಷ್ಟೇ ಅಲ್ಲ. ಕಂಬ, ತಂತಿ, ಕಸಿಗೆ ಸುರಿದ ಸಾಲದ ಹಣ, ಮುಂದಿನ ಹತ್ತಾರು ವರ್ಷದ ಆದಾಯ ಎಲ್ಲವೂ. ಈಚೆಗೆ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆ ಹತ್ತಿದೆ. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಗಳಿವೆ. ನೀರು ಬಂತೆಂದು ಬೇಕಾಬಿಟ್ಟಿ ಹರಿಸಿದರೆ ನೆಲದ ಉಪ್ಪು ಮೇಲೇರುತ್ತದೆ ಎಂಬ ಎಚ್ಚರವೂ ಬೇಕು.

ನೀರಿನ ಜಾಣ್ಮೆ ಈ ನಾಡಿಗೆ ಹೊಸದಲ್ಲ. ಆದಿಲ್‌ಶಾಹಿ ಕಾಲದಲ್ಲಿ ತೊರವಿಯಿಂದ ವಿಜಯಪುರಕ್ಕೆ ನೆಲದಡಿಯ ಸುರಂಗದಲ್ಲಿ ನೀರು ತರುತ್ತಿದ್ದರು. ಪರ್ಷಿಯಾ ಮೂಲದ ಈ ವಿದ್ಯೆಗೆ ಕರೇಜ್ ಎಂದು ಹೆಸರು. ಚೀನಾದ ಪಶ್ಚಿಮಕ್ಕಿರುವ ತುರ್ಫಾನ್ ಎಂಬ ಮರುಭೂಮಿಯ ಊರಲ್ಲಿ ಅಂಥದೇ ಕರೇಜ್ ನೀರಿನಿಂದ ದ್ರಾಕ್ಷಿ ಬೆಳೆದು, ಗಾಳಿಗಂಡಿಯ ಇಟ್ಟಿಗೆ ಮನೆಗಳಲ್ಲಿ ಒಣಗಿಸುತ್ತಾರೆ. ತೊರವಿಯಲ್ಲಿ ಓದುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ತಮ್ಮ ಕಾಲ ಕೆಳಗಿನ ಈ ಚರಿತ್ರೆಯನ್ನು ನೋಡಿ ಬರಬಹುದು.

ನೀರು ಸಾಕಾಗಿ, ಫಸಲು ಬಂದರೂ ಗಂಡಾಂತರ ಮುಗಿಯದು. ಹಣ್ಣು ಮಾಗುವಾಗ ಒಂದು ತಾಸು ಅಕಾಲ ಮಳೆ ಸುರಿದರೆ ಕಾಯಿ ಸೀಳುತ್ತದೆ. ಮದ್ದು ಹೆಚ್ಚಾದರೆ ಅದೂ ಕಷ್ಟ. 2010ರಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷ ಕಂಡುಬಂದುದರಿಂದ ಭಾರತದ ದ್ರಾಕ್ಷಿ ಯುರೋಪಿನಲ್ಲಿ ತಿರಸ್ಕೃತವಾಯಿತು. ಎಷ್ಟೋ ರಫ್ತುದಾರರು, ರೈತರು ಪೆಟ್ಟು ತಿಂದರು. ಶೇಷವನ್ನು ಅಳೆಯುವುದು, ಮಣ್ಣಿನ ಲವಣ ಪರೀಕ್ಷಿಸುವುದು, ಹವಾಮಾನದ ಮುನ್ಸೂಚನೆಯನ್ನು ಹೊಲಕ್ಕೆ ತಲುಪಿಸುವುದು: ವಿಜ್ಞಾನ ಓದುವ ನಿಮಗೆ ನಿಮ್ಮೂರಲ್ಲೇ ಕಾದಿರುವ ಕೆಲಸಗಳಿವು. ಹೆಸರಿನ ಕೆಲಸವೂ ಇದೆ. ಇದೇ ಜಿಲ್ಲೆಯ ಇಂಡಿ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಸಾಂಗ್ಲಿಯ ಒಣದ್ರಾಕ್ಷಿಗೂ ಅದಿದೆ. ತಿಕೋಟಾ, ಬಬಲೇಶ್ವರ ಎಂದು ಅಚ್ಚು ಮಾಡಿದ ಒಣದ್ರಾಕ್ಷಿ ಪೊಟ್ಟಣ ಅಂಗಡಿಯಲ್ಲಿ ಕಾಣುವುದು ಮಾತ್ರ ಅಪರೂಪ.

ಈ ಬೇಸಿಗೆಯಲ್ಲಿ ಒಂದು ಪ್ರಯೋಗ ಮಾಡಿ. ಒಂದೇ ಗೊನೆಯ ಇಪ್ಪತ್ತು ಕಾಯಿ ಬಿಡಿಸಿಕೊಳ್ಳಿ. ಹತ್ತನ್ನು, ನಿಮ್ಮ ಅಧ್ಯಾಪಕರು ಜೊತೆಗಿರುವಾಗ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಕೆಲವು ಕ್ಷಣ ಅದ್ದಿ ತೆಗೆಯಿರಿ. ಉಳಿದ ಹತ್ತನ್ನು ಹಾಗೇ ಇಡಿ. ಎರಡನ್ನೂ ನೆರಳಿನಲ್ಲಿ ಬೇರೆ ಬೇರೆ ಜಾಳಿಗೆಯ ಮೇಲೆ ಹರವಿ, ಪ್ರತಿದಿನ ಒಂದೇ ಹೊತ್ತಿಗೆ ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಹದಿನೈದು ದಿನದ ನಂತರ ಎರಡು ಗೆರೆಗಳ ನಕ್ಷೆ ಎಳೆಯಿರಿ. ಬೆಂಗಳೂರಿನಲ್ಲಿ ಓದುವ ಗೆಳೆಯರಿಗೂ ಅದೇ ವಾರ ಇದನ್ನೇ ಮಾಡಲು ಹೇಳಿ, ಅವರ ಗೆರೆಯನ್ನು ನಿಮ್ಮ ಗೆರೆಯ ಪಕ್ಕದಲ್ಲಿಟ್ಟು ನೋಡಿ.