ಊರೂರಿನ ಊಟ ಮತ್ತು ನಮ್ಮ ನಡತೆ

ಸಹೋದರರೇ, ಒಮ್ಮೆ ಪ್ರವಾದಿ(ಸ)ರ ಮುಂದೆ ಸುಟ್ಟ ಉಡದ ಮಾಂಸ ಇಡಲಾಯಿತು. ಅವರು ತಿನ್ನಲಿಲ್ಲ. ಇದು ಹರಾಮೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದರು. ಅಲ್ಲ, ನಮ್ಮ ನಾಡಿನಲ್ಲಿ ಇದಿಲ್ಲ, ಅದಕ್ಕೇ ಮನಸ್ಸಾಗದು ಎಂದರು. ಖಾಲಿದ್(ರ) ಅಲ್ಲೇ ಕುಳಿತು ತಿಂದರು. ಉಡದ ಬಗ್ಗೆ ಮದ್‌ಹಬ್‌ಗಳಲ್ಲಿರುವ ಭಿನ್ನಾಭಿಪ್ರಾಯ ಬೇರೆ ಮಾತು.

ನಮಗೆ ರುಚಿಸದ್ದೆಲ್ಲ ಹರಾಮ್ ಅಲ್ಲ. ಧಾರವಾಡದ ಜೋಳದ ರೊಟ್ಟಿ, ಎಣ್ಣೆಗಾಯಿ, ಮಂಡ್ಯದ ಮುದ್ದೆ, ಸೊಪ್ಪಿನ ಸಾರು ಕೂಡ ಅಲ್ಲಾಹನ ಅನುಗ್ರಹವೇ. ಮಾಂಸವಾದರೆ ಹಲಾಲ್ ಹೌದೇ ಎಂದು ಮೆಲ್ಲಗೆ ವಿಚಾರಿಸೋಣ, ಸಂದೇಹವಿದ್ದರೆ ಬಿಡೋಣ. ಬಿರಿಯಾನಿ ಸಿಗಲಿಲ್ಲವೆಂದು ಪ್ರವಾಸದಲ್ಲಾಗಲಿ, ನಮ್ಮ ಬೀದಿಯ ಖಾನಾವಳಿಯಲ್ಲಾಗಲಿ, ಮಕ್ಕಳೆದುರು ತಟ್ಟೆಯನ್ನು ಹೀಗಳೆಯಬಾರದು. ಪ್ರವಾದಿ(ಸ) ಯಾವ ಆಹಾರವನ್ನೂ ಹೀಗಳೆಯುತ್ತಿರಲಿಲ್ಲ. ಇಷ್ಟವಿಲ್ಲದಿದ್ದರೆ ಸುಮ್ಮನೆ ಬಿಡುತ್ತಿದ್ದರು. ನಾವು ಆಡಿದ್ದು ಬಡಿಸಿದವರ ಕಿವಿಗೂ ಬೀಳುತ್ತದೆ.